‘ಹೌದು’ ಎಂದು ಬರೆಯುವುದೋ, ‘ಇಲ್ಲ’ ಎಂದು ಬರೆಯುವುದೋ?

ಸರ್ಕಾರಿ ನೌಕರಿಯ ಪರೀಕ್ಷೆ ಬರೆದು, ಪಾಸಾಗಿ, ಪಟ್ಟಿಯಲ್ಲಿ ಹೆಸರೂ ಬಂದ ಮೇಲೆ ಇನ್ನೊಂದು ಪರೀಕ್ಷೆ ಉಳಿದಿರುತ್ತದೆ. ಅದಕ್ಕೆ ಕೋಚಿಂಗ್ ಇಲ್ಲ, ಗೈಡ್ ಇಲ್ಲ, ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟೂ ಸಿಗುವುದಿಲ್ಲ. ಪ್ರಶ್ನೆಗಳು ಸುಮಾರು ಹತ್ತು. ಉತ್ತರ ಒಂದೇ ಶಬ್ದ: ‘ಹೌದು’ ಇಲ್ಲವೆ ‘ಇಲ್ಲ’. ವಿಶೇಷವೆಂದರೆ ಪ್ರಶ್ನೆ ಕೇಳುವವರ ಹತ್ತಿರ ಉತ್ತರ ಬೇರೆ ದಾರಿಯಿಂದ ಬಂದೇ ಬರುತ್ತದೆ. ನೀವೇನು ಬರೆದಿದ್ದೀರಿ ಎಂಬುದನ್ನು ಅದರ ಜೊತೆ ತಾಳೆ ನೋಡುತ್ತಾರೆ, ಅಷ್ಟೆ. ಕಚೇರಿಯಲ್ಲಿ ಇದರ ಹೆಸರು ಅಟೆಸ್ಟೇಶನ್ ಫಾರಂ. ನಮ್ಮ ರೂಮುಗಳ ಭಾಷೆಯಲ್ಲಿ ‘ಪೊಲೀಸ್ ವೆರಿಫಿಕೇಶನ್’. ಗಂಭೀರವಾಗಿ ಹೇಳಬೇಕೆಂದರೆ ಚಾರಿತ್ರ್ಯ ಮತ್ತು ಪೂರ್ವಾಪರ ಪರಿಶೀಲನೆ.

ದಿಲ್‌ಸುಖ್‌ನಗರದಲ್ಲಿ ಇರುವ ನಮಗೆ ಇದು ಪುಸ್ತಕದ ಬದನೆಕಾಯಿ ಅಲ್ಲ. ಮೆಟ್ರೋ ಕಂಬಗಳ ಎರಡೂ ಪಕ್ಕ ಕೋಚಿಂಗ್ ಸೆಂಟರಿನ ಬೋರ್ಡುಗಳೇ. ಹಿಂದಿನ ಗಲ್ಲಿಗಳಲ್ಲಿ ಮೆಸ್ಸು, ಹಾಸ್ಟೆಲು, ಜೆರಾಕ್ಸ್ ಅಂಗಡಿ. ರಾಯಚೂರು, ಯಾದಗಿರಿ, ಬೀದರ್, ನಾರಾಯಣಪೇಟೆ ಕಡೆಯಿಂದ ಬಂದ ನಮ್ಮಂಥ ಕನ್ನಡದ ಹುಡುಗರು ಒಂದೊಂದು ರೂಮಿನಲ್ಲಿ ನಾಲ್ಕೈದು ಜನ. ಇಲ್ಲಿಂದ ಸಿಟಿ ಬಸ್ಸಿನ ದೂರದಲ್ಲಿ ಕಂಚನ್‌ಬಾಗ್. ಅಲ್ಲಿ ಕ್ಷಿಪಣಿ ಸಂಶೋಧನೆಯ ಡಿ.ಆರ್.ಡಿ.ಎಲ್., ಭಾರತ್ ಡೈನಾಮಿಕ್ಸ್, ಮಿಧಾನಿ ಇವೆ. ಇನ್ನೊಂದು ದಿಕ್ಕಿಗೆ ಹೋದರೆ ಮೌಲಾಲಿ ಕಡೆ ಅಣು ಇಂಧನ ಸಂಕೀರ್ಣ, ಇ.ಸಿ.ಐ.ಎಲ್. ದೂರದಲ್ಲಿ ಶಂಷಾಬಾದ್ ವಿಮಾನ ನಿಲ್ದಾಣ. ಪೂರ್ವಾಪರ ನೋಡದೆ ಇಂಥ ಕಡೆ ನೌಕರನನ್ನು ಒಳಗೆ ಬಿಡುವುದಿಲ್ಲ. ‘ನಾವು ಕಾಮರ್ಸಿನವರು, ನಮಗೇನು ಸಂಬಂಧ’ ಎನ್ನಬೇಡಿ. ಕ್ಷಿಪಣಿ ಮಾಡುವ ಜಾಗದಲ್ಲೂ ಸಂಬಳದ ಲೆಕ್ಕ ಬರೆಯುವವನು, ಉಗ್ರಾಣದ ರಿಜಿಸ್ಟರು ಇಡುವವನು ಬೇಕೇ ಬೇಕು.

ಈ ಲೇಖನಕ್ಕೆ ಕಾರಣ ನಮ್ಮ ಪೈಕಿಯವನೇ ಒಬ್ಬ. ಹೆಸರು ಬೇಡ. ಎರಡು ವರ್ಷದ ಹಿಂದೆ ಗಾಂಜಾ ಸೇದಿ ಪೊಲೀಸರ ಕೈಗೆ ಸಿಕ್ಕ. ಯಾರೋ ಹೇಳಿದರೆಂದು ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಬಂದ. ಆಮೇಲೆ ಅದನ್ನು ಬಿಟ್ಟ, ಓದಿದ, ಕೇಂದ್ರ ಸರ್ಕಾರದ ಒಂದು ಹುದ್ದೆಗೆ ಆಯ್ಕೆಯೂ ಆದ. ಈಗ ಫಾರಂ ಬಂದಿದೆ. ರೂಮಿನಲ್ಲಿ ಎರಡು ಪಕ್ಷ. ಒಬ್ಬ, “ಇಲ್ಲ ಅಂತ ಬರ್ದು ಕೊಡೋ, ಅದನ್ನ ಯಾರು ನೋಡ್ತಾರ?” ಎನ್ನುತ್ತಾನೆ. ಇನ್ನೊಬ್ಬ, “ಹೌದು ಅಂತ ಬರದ್ರೂ ನೌಕರಿ ಹೋತು, ಬರೀದಿದ್ರೂ ಹೋತು, ಸುಮ್ನ ಊರಿಗಿ ನಡಿ” ಎನ್ನುತ್ತಾನೆ. ಎರಡು ಮಾತೂ ಅರ್ಧ ತಿಳಿದವರ ಮಾತು. ಕಾನೂನು ಓದುವ ಗೆಳೆಯರ ಸಹಾಯದಿಂದ ಫಾರಮ್ಮನ್ನೂ ಕೆಲವು ತೀರ್ಪುಗಳನ್ನೂ ಕೂತು ಓದಿದೆ. ನನಗೆ ಅರ್ಥವಾದದ್ದನ್ನು ಕನ್ನಡದಲ್ಲಿ ಹೇಳುವ ಪ್ರಯತ್ನ ಇದು.

ಫಾರಂ ಏನು ಕೇಳುತ್ತದೆ?

ಮೊದಲು ಹೆಸರು, ತಂದೆತಾಯಿ, ವಿಳಾಸ, ಓದು. ಕಳೆದ ಐದು ವರ್ಷಗಳಲ್ಲಿ ಎಲ್ಲೆಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇದ್ದಿರಿ ಎಂಬ ಪಟ್ಟಿ. ಅಂದರೆ ಊರಿನ ಮನೆಯಷ್ಟೇ ಅಲ್ಲ, ದಿಲ್‌ಸುಖ್‌ನಗರದ ರೂಮೂ ಬರೆಯಬೇಕು. ಎರಡೂ ಕಡೆಯ ಪೊಲೀಸರಿಗೆ ವಿಚಾರಣೆಗೆ ಹೋಗುತ್ತದೆ. ‘ಹೈದರಾಬಾದಿನ ಕೇಸು ರಾಯಚೂರಿನವರಿಗೆ ಹೇಗೆ ಗೊತ್ತಾಗುತ್ತೆ’ ಎಂಬ ಕಾಲ ಮುಗಿಯಿತು. ಪೊಲೀಸ್ ಠಾಣೆಗಳ ದಾಖಲೆಗಳನ್ನು ಒಂದಕ್ಕೊಂದು ಜೋಡಿಸುವ ಸಿ.ಸಿ.ಟಿ.ಎನ್.ಎಸ್. ಯೋಜನೆಗೆ 2009ರಲ್ಲೇ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತ್ತು.

ಆಮೇಲೆ ಮುಖ್ಯ ಪ್ರಶ್ನೆಗಳು. ಇವು ಇಂಗ್ಲಿಷ್, ಹಿಂದಿಯಲ್ಲಿ ಇರುತ್ತವೆ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನ್ನಂಥವರು ಇಲ್ಲಿಯೇ ಎಡವುವುದು. ಆದ್ದರಿಂದ ಒಂದೊಂದನ್ನೂ ಬಿಡಿಸಿ ಹೇಳುತ್ತೇನೆ.

‘ಅರೆಸ್ಟೆಡ್’ ಎಂದರೆ ದಸ್ತಗಿರಿ. ಆಮೇಲೆ ಕೇಸು ಬಿದ್ದುಹೋದರೂ ದಸ್ತಗಿರಿ ಆದದ್ದು ಆದದ್ದೇ. ‘ಪ್ರಾಸಿಕ್ಯೂಟೆಡ್’ ಎಂದರೆ ನಿಮ್ಮ ಮೇಲೆ ಕೋರ್ಟಿನಲ್ಲಿ ಮೊಕದ್ದಮೆ ನಡೆದದ್ದು; ಖುಲಾಸೆಯಾಗಿದ್ದರೂ ಉತ್ತರ ‘ಹೌದು’. ‘ಡಿಟೆನ್ಷನ್’ ಎಂದರೆ ಬಂಧನದಲ್ಲಿ ಇಟ್ಟದ್ದು. ‘ಬೌಂಡ್ ಡೌನ್’ ಎಂದರೆ ಶಾಂತಿಯಿಂದ ಇರುತ್ತೇನೆಂದು ಮುಚ್ಚಳಿಕೆ ಬರೆಸಿಕೊಂಡದ್ದು. ‘ಫೈನ್ಡ್’ ಎಂದರೆ ಕೋರ್ಟು ದಂಡ ಹಾಕಿದ್ದು. ಲೈಬ್ರರಿ ಪುಸ್ತಕ ತಡವಾಗಿ ಕೊಟ್ಟ ದಂಡ ಇಲ್ಲಿ ಬರುವುದಿಲ್ಲ. ‘ಕನ್ವಿಕ್ಟೆಡ್’ ಎಂದರೆ ಅಪರಾಧಿಯೆಂದು ತೀರ್ಪಾದದ್ದು. ಇದಾದ ಮೇಲೆ ನಾವು ಯಾರೂ ನಿರೀಕ್ಷಿಸದ ಪ್ರಶ್ನೆ: ಯಾವುದಾದರೂ ವಿಶ್ವವಿದ್ಯಾಲಯ ಅಥವಾ ವಿದ್ಯಾಸಂಸ್ಥೆ ನಿಮ್ಮನ್ನು ಪರೀಕ್ಷೆಯಿಂದ ಡಿಬಾರ್ ಮಾಡಿದೆಯೇ, ಕಾಲೇಜಿನಿಂದ ಹೊರಹಾಕಿದೆಯೇ? ಚೀಟಿ ಇಟ್ಟು ಸಿಕ್ಕಿಬಿದ್ದು ಡಿಬಾರ್ ಆದವನು ‘ಅದು ಕಾಲೇಜಿನ ಮಾತು, ಪೊಲೀಸರಿಗೇನು’ ಎಂದುಕೊಂಡಿರುತ್ತಾನೆ. ಫಾರಂ ಹಾಗೆ ಅಂದುಕೊಂಡಿಲ್ಲ. ಕೊನೆಗೆ, ಈ ಫಾರಂ ತುಂಬುವ ದಿನ ಯಾವ ಕೋರ್ಟಿನಲ್ಲಾದರೂ ಕೇಸು ಬಾಕಿ ಇದೆಯೇ ಎಂಬ ಪ್ರಶ್ನೆ.

ಇಲ್ಲಿ ಒಂದು ಮಾತು ಅಡಿಗೆರೆ ಹಾಕಿಕೊಳ್ಳಿ. ತಪ್ಪೊಪ್ಪಿಕೊಂಡು ದಂಡ ಕಟ್ಟುವುದೆಂದರೆ ಕೇಸು ‘ಕ್ಲೋಸ್’ ಆಯಿತು ಎಂದಷ್ಟೇ ಅಲ್ಲ. ಅಪರಾಧಿ ಎಂದು ತೀರ್ಮಾನವಾಯಿತು ಎಂದರ್ಥ. ಕುಡಿದು ಬೈಕು ಓಡಿಸಿ ಸಿಕ್ಕವರೂ ಹೀಗೆಯೇ. ಮೋಟಾರು ವಾಹನ ಕಾಯ್ದೆಯ 185ನೆಯ ಕಲಮಿನಲ್ಲಿ ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು ಇಲ್ಲವೆ 10,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ‘ದಂಡ ಕಟ್ಟಿ ಬಂದೆ, ಮುಗೀತು’ ಎಂದು ಚಹಾ ಕುಡಿಯುತ್ತಾ ಹೇಳುವ ಗೆಳೆಯರಿಗೆ ಅದು ಮುಗಿದಿಲ್ಲ ಎಂದು ಹೇಳುವವರು ಯಾರು?

‘ಫಾರಂ ಅರ್ಥವಾಗಲಿಲ್ಲ’ ಎಂಬ ನೆಪವೂ ನಡೆಯುವುದಿಲ್ಲ. ಕೇಂದ್ರೀಯ ವಿದ್ಯಾಲಯದ ಒಬ್ಬ ದೈಹಿಕ ಶಿಕ್ಷಕರ ಪ್ರಕರಣ 2003ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಬಾಕಿ ಇದ್ದ ಕೇಸನ್ನು ಅವರು ಫಾರಮ್ಮಿನಲ್ಲಿ ಬರೆದಿರಲಿಲ್ಲ. ‘ನಾನು ಹಿಂದಿ ಮಾಧ್ಯಮದಲ್ಲಿ ಓದಿದವನು, ಇಂಗ್ಲಿಷಿನ ಆ ಕಲಂ ಸರಿಯಾಗಿ ತಿಳಿಯಲಿಲ್ಲ’ ಎಂದು ವಾದಿಸಿದರು. ಪದವಿಗಳನ್ನು ಪಡೆದವರು ಹಾಗೆ ಹೇಳಿದರೆ ನಂಬಲಾಗದು ಎಂದು ಕೋರ್ಟು ಆ ವಾದವನ್ನು ಒಪ್ಪಲಿಲ್ಲ, ಕೆಲಸ ಹೋಯಿತು. ಕನ್ನಡ ಮಾಧ್ಯಮದ ನಾವು ಇದನ್ನು ಓದಿ ಬೇಸರ ಪಟ್ಟುಕೊಳ್ಳಬಹುದು. ಆದರೆ ಪಾಠ ಸ್ಪಷ್ಟ: ಅರ್ಥವಾಗದ ಕಲಮಿನ ಎದುರು ಸಹಿ ಹಾಕಬೇಡಿ, ಕೇಳಿ ತಿಳಿದುಕೊಳ್ಳಿ.

ಇಷ್ಟೆಲ್ಲ ಯಾಕೆ ಕೇಳಬೇಕು?

‘ಲೆಕ್ಕ ಬರೆಯುವವನ ಹಳೇ ಕತೆ ಇವರಿಗ್ಯಾಕೆ?’ ಎಂಬ ಪ್ರಶ್ನೆ ಸಹಜ. ಆದರೆ ದಿಲ್‌ಸುಖ್‌ನಗರದವರು ಈ ಪ್ರಶ್ನೆಯನ್ನು ಹಗುರವಾಗಿ ಕೇಳುವಂತಿಲ್ಲ. 2002ರ ನವೆಂಬರಿನಲ್ಲಿ ಇಲ್ಲಿಯ ಸಾಯಿಬಾಬಾ ಗುಡಿಯ ಹತ್ತಿರ ಬಾಂಬು ಸಿಡಿದಿತ್ತು. 2013ರ ಫೆಬ್ರುವರಿ 21ರ ಸಂಜೆ ಇದೇ ರಸ್ತೆಯಲ್ಲಿ ಮತ್ತೆ ಎರಡು ಬಾಂಬು ಸಿಡಿದು ನಮ್ಮ ಹಾಗೆಯೇ ಬಸ್ಸಿಗೆ, ಟಿಫಿನ್ನಿಗೆ ಬಂದವರು ಪ್ರಾಣ ಕಳೆದುಕೊಂಡರು. ಸೂಕ್ಷ್ಮ ಜಾಗಗಳಿಗೆ ಯಾರು ಹೋಗುತ್ತಾರೆ, ಬರುತ್ತಾರೆ ಎಂದು ಸರ್ಕಾರ ನೋಡುವುದು ತಪ್ಪು ಎಂದು ಇಲ್ಲಿ ನಿಂತು ಹೇಳುವುದು ಕಷ್ಟ.

ಅವರು ನೋಡುವುದು ನೀವು ಒಳ್ಳೆಯವರೋ ಕೆಟ್ಟವರೋ ಎಂಬುದನ್ನಷ್ಟೇ ಅಲ್ಲ. ನಿಮ್ಮನ್ನು ಯಾರಾದರೂ ಹೆದರಿಸಿ ಕೆಲಸ ಮಾಡಿಸಿಕೊಳ್ಳಬಹುದೇ ಎಂಬುದೂ ಒಂದು ಲೆಕ್ಕ. ಮಾದಕ ವಸ್ತುವಿನ ಚಟ ಇದ್ದವನಿಗೆ ದುಡ್ಡು ಬೇಕು, ತಂದುಕೊಡುವವನ ಸಹವಾಸ ಬೇಕು, ಮನೆಯವರಿಗೆ ಗೊತ್ತಾಗಬಾರದು ಎಂಬ ಭಯವಿದೆ. ಆ ಭಯವೇ ಇನ್ನೊಬ್ಬನ ಕೈಯ ಮೂಗುದಾರ. ಹಾಗೆ ನೋಡಿದರೆ, ಮುಚ್ಚಿಟ್ಟ ತಪ್ಪು ಹೇಳಿಕೊಂಡ ತಪ್ಪಿಗಿಂತ ಅಪಾಯಕಾರಿ. ಹೇಳಿಕೊಂಡ ತಪ್ಪಿನಿಂದ ಯಾರೂ ನಿಮ್ಮನ್ನು ಹೆದರಿಸಲಾರರು.

ಕಾಮರ್ಸಿನ ಗೆಳೆಯರಿಗೆ ನಮ್ಮ ಪಾಠದ ಭಾಷೆಯಲ್ಲೇ ಹೇಳುತ್ತೇನೆ. ವಿಮೆಯ ಕರಾರು ಪರಮ ವಿಶ್ವಾಸದ ಕರಾರು ಎಂದು ಓದಿದ್ದೇವೆ. ಗೊತ್ತಿದ್ದ ಕಾಯಿಲೆ ಮುಚ್ಚಿಟ್ಟು ಪಾಲಿಸಿ ತೆಗೆದುಕೊಂಡರೆ ಕರಾರೇ ಬೀಳುತ್ತದೆ. ಅಟೆಸ್ಟೇಶನ್ ಫಾರಮ್ಮೂ ಅಂಥದ್ದೇ. ಒಂದು ವ್ಯತ್ಯಾಸ ಮಾತ್ರ ಇದೆ, ಅದು ನಮಗೆ ಅನುಕೂಲದ್ದಲ್ಲ. ಜೀವವಿಮೆಯಲ್ಲಿ 1938ರ ವಿಮಾ ಕಾಯ್ದೆಯ 45ನೆಯ ಕಲಂ ಈಗ ಇರುವಂತೆ, 3 ವರ್ಷ ಕಳೆದ ಮೇಲೆ ಕಂಪನಿ ಪಾಲಿಸಿಯನ್ನು ಪ್ರಶ್ನಿಸುವಂತಿಲ್ಲ. ನೌಕರಿಯ ಫಾರಮ್ಮಿಗೆ ಇಂಥ ವಾಯಿದೆ ಇಲ್ಲ. ಸುಳ್ಳು ಮಾಹಿತಿ ಕೊಟ್ಟದ್ದು ಸೇವೆಯ ಯಾವುದೇ ಕಾಲದಲ್ಲಿ ಗೊತ್ತಾದರೂ ಕೆಲಸದಿಂದ ತೆಗೆಯಬಹುದು ಎಂದು ಫಾರಮ್ಮಿನ ತಲೆಯಲ್ಲೇ ಎಚ್ಚರಿಕೆ ಅಚ್ಚಾಗಿರುತ್ತದೆ. ಇಪ್ಪತ್ತೆರಡರಲ್ಲಿ ಬರೆದ ‘ಇಲ್ಲ’ ನಲವತ್ತರಲ್ಲಿ, ಮಕ್ಕಳ ಫೀಸು ಕಟ್ಟುವ ಕಾಲದಲ್ಲಿ, ಎದ್ದು ಬರಬಹುದು. ಆ ಸಾಲಕ್ಕೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ.

ನ್ಯಾಯಾಲಯಗಳು ಏನು ಹೇಳಿವೆ?

2011ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ದೆಹಲಿ ಪೊಲೀಸ್ ಇಲಾಖೆಯ ಒಂದು ಪ್ರಕರಣ ಬಂತು. ಹೆಡ್ ಕಾನ್‌ಸ್ಟೆಬಲ್ ಹುದ್ದೆಗೆ 1999ರಲ್ಲಿ ಅರ್ಜಿ ಹಾಕಿದ್ದ ಯುವಕ, ಅರ್ಜಿಯಲ್ಲಿ ತನ್ನ ಮೇಲಿದ್ದ ಹಳೆಯ ಹೊಡೆದಾಟದ ಕೇಸನ್ನು ಹೇಳಿರಲಿಲ್ಲ. ಆ ಕೇಸು 1998ರಲ್ಲಿ ರಾಜಿಯಾಗಿ ಖುಲಾಸೆಯಾಗಿತ್ತು. ಆಯ್ಕೆಯಾದ ಮೇಲೆ ಅಟೆಸ್ಟೇಶನ್ ಫಾರಮ್ಮಿನಲ್ಲಿ ತಾನೇ ಹೇಳಿದ. ‘ಮೊದಲೇಕೆ ಹೇಳಲಿಲ್ಲ’ ಎಂದು ಇಲಾಖೆ ಆಯ್ಕೆ ರದ್ದು ಮಾಡಿತು. ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಅವರ ಪೀಠ ಯುವಕನ ಪರ ನಿಂತಿತು. ಘಟನೆ ನಡೆದಾಗ ಅವನಿಗೆ ಸುಮಾರು 20 ವರ್ಷ. ಆ ವಯಸ್ಸಿನ ದುಡುಕನ್ನು ಜನ್ಮಪೂರ್ತಿ ಹಣೆಗೆ ಅಂಟಿಸಬಾರದು, ತಿದ್ದಿಕೊಳ್ಳಲು ಅವಕಾಶ ಕೊಡಬೇಕು ಎಂಬುದು ತೀರ್ಪಿನ ಸಾರ.

ಸಾಹಿತ್ಯ ಸಂಘದ ನಮಗೆ ಈ ತೀರ್ಪಿನಲ್ಲಿ ಎರಡು ಸ್ವಾರಸ್ಯಗಳಿವೆ. ಒಂದು, ನ್ಯಾಯಮೂರ್ತಿಗಳು ವಿಕ್ಟರ್ ಹ್ಯೂಗೋನ ಕಾದಂಬರಿಯ ಜೀನ್ ವಾಲ್ಜೀನನನ್ನು ನೆನೆದರು. ಹಸಿದವರಿಗಾಗಿ ಒಂದು ರೊಟ್ಟಿ ಕದ್ದು ಆಯುಷ್ಯವಿಡೀ ಕಳ್ಳ ಎನಿಸಿಕೊಂಡವನು ಅವನು. ಎರಡನೆಯದು ನಮಗೆ ಇನ್ನೂ ಹತ್ತಿರದ್ದು. 1970ರಲ್ಲಿ ವೇಲ್ಸ್ ನಾಡಿನ ವಿದ್ಯಾರ್ಥಿಗಳು ತಮ್ಮ ವೆಲ್ಷ್ ಭಾಷೆಗಾಗಿ ಚಳವಳಿ ಮಾಡುತ್ತಾ ಲಂಡನ್ನಿನ ಕೋರ್ಟಿಗೇ ನುಗ್ಗಿ ಕಲಾಪ ನಿಲ್ಲಿಸಿದರು. ಮೂರು ತಿಂಗಳ ಸೆರೆವಾಸವಾಯಿತು. ಮೇಲ್ಮನವಿಯಲ್ಲಿ ಲಾರ್ಡ್ ಡೆನ್ನಿಂಗ್, ಮಾಡಿದ್ದು ತಪ್ಪೇ ಆದರೂ ಇವರು ದುಷ್ಟರಲ್ಲ ಎಂದು, ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುಗಡೆ ಮಾಡಿದರು. ನಮ್ಮ ಸುಪ್ರೀಂ ಕೋರ್ಟು ಅದನ್ನೂ ಉದಾಹರಿಸಿದೆ.

ಇಷ್ಟು ಓದಿ ಸಮಾಧಾನ ಪಟ್ಟುಕೊಂಡು ಪುಸ್ತಕ ಮುಚ್ಚುವಂತಿಲ್ಲ. 2013ರ ಜುಲೈನಲ್ಲಿ ಅದೇ ದೆಹಲಿ ಪೊಲೀಸಿನ ಇನ್ನೊಂದು ಪ್ರಕರಣದಲ್ಲಿ ಅಭ್ಯರ್ಥಿ ತನ್ನ ಕೇಸನ್ನು ಮೊದಲೇ ನಿಜವಾಗಿ ಬರೆದಿದ್ದ, ಖುಲಾಸೆಯೂ ಆಗಿತ್ತು. ಆದರೂ ಇಲಾಖೆಯ ಪರಿಶೀಲನಾ ಸಮಿತಿ ಬೇಡ ಎಂದಿತು. ಸುಪ್ರೀಂ ಕೋರ್ಟು ಇಲಾಖೆಯ ಮಾತನ್ನೇ ಎತ್ತಿ ಹಿಡಿಯಿತು. ಸಾಕ್ಷಿಗಳು ತಿರುಗಿಬಿದ್ದು ಆದ ಖುಲಾಸೆಯೂ, ನಿರ್ದೋಷಿ ಎಂದು ತೇಲಿ ಬಂದ ಖುಲಾಸೆಯೂ ಒಂದೇ ಅಲ್ಲ; ಪೊಲೀಸ್ ಇಲಾಖೆ ಆರಿಸಿಕೊಳ್ಳುವಾಗ ಕಟ್ಟುನಿಟ್ಟಾಗಿ ಇರಬಹುದು ಎಂದಿತು. ಸತ್ಯ ಹೇಳಿದರೆ ನೌಕರಿ ಸಿಕ್ಕೇ ಸಿಗುತ್ತದೆ ಎಂದು ನಾನು ಬರೆದರೆ ಅದು ಸುಳ್ಳಾಗುತ್ತದೆ.

ಹೀಗೆ ತೀರ್ಪುಗಳು ಆ ಕಡೆ ಈ ಕಡೆ ಎಳೆಯುತ್ತಿದ್ದಾಗ, 2016ರ ಜುಲೈ 21ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅವತಾರ್ ಸಿಂಗ್ ಪ್ರಕರಣದಲ್ಲಿ ಒಂದು ದಾರಿ ಹಾಕಿಕೊಟ್ಟಿತು. ಅದರ ಮುಖ್ಯ ಮಾತುಗಳನ್ನು ನಮ್ಮ ಭಾಷೆಯಲ್ಲಿ ಹೇಳುವುದಾದರೆ ಹೀಗಿವೆ. ಕೇಳಿದ್ದಕ್ಕೆ ನಿಜವನ್ನೇ ಬರೆಯಬೇಕು. ನಿಜ ಬರೆದರೂ ನೇಮಕ ಮಾಡಲೇಬೇಕೆಂಬ ಬಲವಂತ ಸರ್ಕಾರದ ಮೇಲಿಲ್ಲ. ಅದು ಪೂರ್ವಾಪರವನ್ನು ತೂಗಿ ನೋಡಬಹುದು. ಮುಚ್ಚಿಟ್ಟದ್ದು ಗೊತ್ತಾದರೂ ಕಣ್ಣುಮುಚ್ಚಿ ತೆಗೆದುಹಾಕಬಾರದು; ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ವಿಷಯವಾದರೆ ಕ್ಷಮಿಸುವ ವಿವೇಚನೆ ಇದೆ. ಕ್ಷುಲ್ಲಕವಲ್ಲದ ಕೇಸಿನಲ್ಲಿ ಶಿಕ್ಷೆಯಾಗಿದ್ದು ಅದನ್ನು ಮುಚ್ಚಿಟ್ಟಿದ್ದರೆ ರದ್ದು ಮಾಡಬಹುದು. ಖಾಯಂ ಆದವನನ್ನು ಇಲಾಖಾ ವಿಚಾರಣೆ ಇಲ್ಲದೆ ತೆಗೆಯುವಂತಿಲ್ಲ. ಕೊನೆಯದು ಬಹಳ ಮುಖ್ಯ: ಫಾರಮ್ಮಿನ ಪ್ರಶ್ನೆ ಸ್ಪಷ್ಟವಾಗಿರಬೇಕು, ಕೇಳದೇ ಇದ್ದದ್ದನ್ನು ಹೇಳಲಿಲ್ಲವೆಂದು ಯಾರನ್ನೂ ತಪ್ಪಿತಸ್ಥನನ್ನಾಗಿ ಮಾಡಬಾರದು.

ಇದಾದ ಮೇಲೂ ತಕ್ಕಡಿ ತೂಗಾಡುತ್ತಲೇ ಇದೆ. 2022ರ ಮೇ ತಿಂಗಳಲ್ಲಿ ರೈಲ್ವೆ ರಕ್ಷಣಾ ದಳದ ಒಬ್ಬ ಕಾನ್‌ಸ್ಟೆಬಲ್‌ಗೆ ಕೋರ್ಟು ಪರಿಹಾರ ಕೊಟ್ಟಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸಿ.ಆರ್.ಪಿ.ಎಫ್.ನವರ ಮೇಲ್ಮನವಿಗಳನ್ನು ತಳ್ಳಿಹಾಕಿ, ಸಮವಸ್ತ್ರದ ಪಡೆಗಳಲ್ಲಿ ಸುಳ್ಳನ್ನು ಸಹಿಸಲಾಗದು ಎಂಬ ಧಾಟಿಯಲ್ಲಿ ಹೇಳಿತು. ನನಗೆ ಕಂಡಂತೆ ಕೋರ್ಟು ತೂಗುವುದು ನಾಲ್ಕು ಸಂಗತಿಗಳನ್ನು: ತಪ್ಪು ಎಂಥದ್ದು, ಆಗ ವಯಸ್ಸೆಷ್ಟು, ಹುದ್ದೆ ಯಾವುದು, ಹೇಳಿದನೋ ಮುಚ್ಚಿಟ್ಟನೋ. ಮೊದಲಿನ ಎರಡು ಈಗ ನಮ್ಮ ಕೈಯಲ್ಲಿಲ್ಲ. ಮೂರನೆಯದು ಅರ್ಧ ನಮ್ಮ ಕೈಯಲ್ಲಿದೆ. ನಾಲ್ಕನೆಯದು ಪೂರ್ತಿ ನಮ್ಮದು.

ಹದಿನೆಂಟು ತುಂಬುವ ಮೊದಲು ತಪ್ಪು ಮಾಡಿದವರಿಗೆ ಕಾನೂನು ಹೆಚ್ಚು ಉದಾರವಾಗಿದೆ. 2015ರ ಬಾಲನ್ಯಾಯ ಕಾಯ್ದೆಯ 24ನೆಯ ಕಲಂ ಪ್ರಕಾರ ಬಾಲಕನ ಮೇಲಿನ ಅಂಥ ತೀರ್ಮಾನ ಮುಂದೆ ಅವನಿಗೆ ಅನರ್ಹತೆಯಾಗಿ ಅಂಟಿಕೊಳ್ಳಬಾರದು. ಹದಿನಾರು ದಾಟಿ ಘೋರ ಅಪರಾಧಕ್ಕಾಗಿ ದೊಡ್ಡವನಂತೆ ವಿಚಾರಣೆಗೆ ಒಳಗಾದವನಿಗೆ ಮಾತ್ರ ಈ ರಕ್ಷಣೆ ಇಲ್ಲ.

ಗಾಂಜಾದ ಮಾತು

ಮಾದಕ ವಸ್ತುಗಳ ಕಾಯ್ದೆ, ಅಂದರೆ ಎಲ್ಲರ ಬಾಯಲ್ಲಿರುವ ಎನ್.ಡಿ.ಪಿ.ಎಸ್., 1985ರದು. ಮಾರುವುದು, ಸಾಗಿಸುವುದು ಮಾತ್ರವಲ್ಲ, ಸೇದುವುದೂ ಅದರಲ್ಲಿ ಅಪರಾಧ. 27ನೆಯ ಕಲಮಿನಂತೆ ಗಾಂಜಾ ಸೇವನೆಗೆ 6 ತಿಂಗಳವರೆಗೆ ಸೆರೆ ಇಲ್ಲವೆ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಕೊಕೇನ್, ಹೆರಾಯಿನ್ ಮುಂತಾದವಕ್ಕೆ 1 ವರ್ಷ, 20,000 ರೂಪಾಯಿವರೆಗೆ. ಗಾಂಜಾದಲ್ಲಿ 1 ಕಿಲೋವರೆಗೆ ‘ಅಲ್ಪ ಪ್ರಮಾಣ’ ಎಂದು ಲೆಕ್ಕ. ಗೆಳೆಯನ ಪೊಟ್ಟಣವನ್ನು ‘ಸ್ವಲ್ಪ ಹೊತ್ತು ಇಟ್ಕೋ’ ಎಂದು ಜೇಬಿಗೆ ಹಾಕಿಸಿಕೊಂಡವನೂ ಇಟ್ಟುಕೊಂಡವನೇ ಆಗುತ್ತಾನೆ. ಅಲ್ಪ ಪ್ರಮಾಣ ಇಟ್ಟುಕೊಂಡದ್ದಕ್ಕೆ 1 ವರ್ಷದವರೆಗೆ ಸೆರೆ ಆಗಬಹುದು. ಘೋಷಣೆ ಕೂಗಿದ್ದನ್ನು ಕ್ಷುಲ್ಲಕ ಎಂದ ಹಾಗೆ ಗಾಂಜಾವನ್ನೂ ಕ್ಷುಲ್ಲಕ ಎಂದುಬಿಡುತ್ತಾರೆ ಎಂದು ಯಾರೂ ಭರವಸೆ ಇಟ್ಟುಕೊಳ್ಳಬಾರದು. ಅದನ್ನು ತೂಗುವವರು ನೇಮಕ ಮಾಡುವವರು.

ಆದರೆ ಇದೇ ಕಾಯ್ದೆಯಲ್ಲಿ ಒಂದು ಕಿಟಕಿಯೂ ಇದೆ, ಅದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. 64-ಎ ಕಲಂ. ಚಟಕ್ಕೆ ಬಿದ್ದವನು ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಎದುರಿಸುತ್ತಿದ್ದರೆ, ತಾನಾಗಿಯೇ ಸರ್ಕಾರಿ ಇಲ್ಲವೆ ಸರ್ಕಾರ ಮಾನ್ಯ ಮಾಡಿದ ಸಂಸ್ಥೆಯಲ್ಲಿ ಚಟ ಬಿಡಿಸುವ ಚಿಕಿತ್ಸೆ ಪಡೆದರೆ, ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ವಾಪಸು ಹೋಗಬಹುದು. 39ನೆಯ ಕಲಮಿನಲ್ಲಿ, ತಪ್ಪಿತಸ್ಥ ಎಂದ ಮೇಲೂ ಚಟದವನನ್ನು ಜೈಲಿಗೆ ಕಳಿಸದೆ ಚಿಕಿತ್ಸೆಗೆ ಬಿಡುವ ಅಧಿಕಾರ ಕೋರ್ಟಿಗೆ ಇದೆ. ‘ತಪ್ಪೊಪ್ಪಿಕೊ, ದಂಡ ಕಟ್ಟು, ನಡಿ’ ಎನ್ನುವ ಅವಸರದಲ್ಲಿ ಈ ದಾರಿ ಯಾರಿಗೂ ಕಾಣುವುದಿಲ್ಲ. ನಮ್ಮ ಗೆಳೆಯನಿಗೂ ಯಾರೂ ಹೇಳಲಿಲ್ಲ.

ಕೇಸೇ ಆಗದೆ, ಬರೀ ಚಟವಿದ್ದು ಬಿಟ್ಟವನು ಏನು ಬರೆಯಬೇಕು? ಅಟೆಸ್ಟೇಶನ್ ಫಾರಂ ಕೇಳುವುದು ದಸ್ತಗಿರಿ, ಮೊಕದ್ದಮೆ, ದಂಡ, ಡಿಬಾರ್ ಇವುಗಳನ್ನು. ‘ಎಂದಾದರೂ ಸೇದಿದ್ದೀಯಾ’ ಎಂದು ಕೇಳುವುದಿಲ್ಲ. ಕೇಳದ್ದನ್ನು ಬರೆಯಬೇಕಿಲ್ಲ ಎಂದು 2016ರ ತೀರ್ಪೇ ಹೇಳಿದೆ. ಆದರೆ ವೈದ್ಯಕೀಯ ಪರೀಕ್ಷೆಯ ಕಾಗದದಲ್ಲೋ, ಇಲಾಖೆಯ ಬೇರೆ ನಮೂನೆಯಲ್ಲೋ ನೇರವಾಗಿ ಕೇಳಿದರೆ ಅಲ್ಲಿ ನಿಜವೇ ಬರೆಯಬೇಕು.

‘ಆಸ್ಪತ್ರೆಗೆ ಹೋದರೆ ದಾಖಲೆಯಾಗುತ್ತದೆ, ನೌಕರಿ ಹೋಗುತ್ತದೆ’ ಎಂಬ ಭಯದಿಂದ ಚಿಕಿತ್ಸೆಗೇ ಹೋಗದವರಿದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ, ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಸ್ಥಿತಿಯನ್ನೂ ತನ್ನ ವ್ಯಾಪ್ತಿಗೆ ಸೇರಿಸಿದೆ. ಚಿಕಿತ್ಸೆಯ ವಿವರ ಗೋಪ್ಯವಾಗಿರಬೇಕೆಂಬುದು ಅದರ 23ನೆಯ ಕಲಮಿನ ಹಕ್ಕು. ಹೈದರಾಬಾದಿನಲ್ಲಿ ಎರ್ರಗಡ್ಡದ ಮಾನಸಿಕ ಆರೋಗ್ಯ ಸಂಸ್ಥೆ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 14446. ನೌಕರಿಯ ಮಾತು ಆಮೇಲೆ. ಮೊದಲು ಮನುಷ್ಯ ಉಳಿಯಬೇಕಲ್ಲ.

ಬೇರೆ ದೇಶದ ಕ್ರಮ

ಅಮೆರಿಕದಲ್ಲಿ ಗುಟ್ಟಿನ ಕಡತ ನೋಡುವ ಹುದ್ದೆಗಳಿಗೆ ಬಹುಕಾಲದಿಂದ ಬಳಕೆಯಲ್ಲಿರುವ ಎಸ್.ಎಫ್.-86 ಎಂಬ ಉದ್ದನೆಯ ಫಾರಂ ನೇರವಾಗಿಯೇ ಕೇಳುತ್ತದೆ: ಕಳೆದ 7 ವರ್ಷಗಳಲ್ಲಿ ಮಾದಕ ವಸ್ತು ಬಳಸಿದ್ದೀರಾ? 2017ರಿಂದ ಜಾರಿಯಲ್ಲಿರುವ ಅಲ್ಲಿಯ ಮಾರ್ಗಸೂಚಿಯಲ್ಲಿ 13 ವಿಷಯಗಳಿವೆ. ಮಾದಕ ವಸ್ತು ಒಂದು, ಅಪರಾಧ ಇನ್ನೊಂದು, ಸಾಲ ಮತ್ತೊಂದು. ಒಂದೊಂದು ತಪ್ಪಿನ ಎದುರೂ ಅದನ್ನು ತಗ್ಗಿಸುವ ಕಾರಣಗಳನ್ನೂ ಬರೆದಿಟ್ಟಿದ್ದಾರೆ: ಎಷ್ಟು ಹಿಂದಿನದು, ಎಷ್ಟು ಸಲ, ಆ ಸಹವಾಸ ಬಿಟ್ಟಿದ್ದಾನೆಯೇ, ಚಿಕಿತ್ಸೆ ಪಡೆದಿದ್ದಾನೆಯೇ. ಮನುಷ್ಯನನ್ನು ಒಂದು ತಪ್ಪಿನಿಂದಲ್ಲ, ಇಡಿಯಾಗಿ ನೋಡಬೇಕು ಎಂಬುದು ಅದರ ತತ್ವ. 2021ರ ಕೊನೆಯಲ್ಲಿ, ಹಿಂದೆ ಗಾಂಜಾ ಸೇದಿದ್ದೊಂದೇ ನಿರ್ಣಾಯಕ ಕಾರಣವಾಗಬಾರದು ಎಂಬ ಸೂಚನೆಯೂ ಹೊರಟಿತು. ಆದರೆ ಫಾರಮ್ಮಿನಲ್ಲಿ ಬೇಕೆಂದೇ ಸುಳ್ಳು ಹೇಳುವುದು ಅಲ್ಲಿಯೂ ಪ್ರತ್ಯೇಕ ಅಪರಾಧ.

ನಮ್ಮಲ್ಲಿ ತಗ್ಗಿಸುವ ಕಾರಣಗಳ ಇಂಥ ಪಟ್ಟಿಯನ್ನು ಅಭ್ಯರ್ಥಿಯ ಕೈಗೆ ಕೊಡುವುದಿಲ್ಲ. ಎಚ್ಚರಿಕೆ ದಪ್ಪಕ್ಷರದಲ್ಲಿದೆ, ಭರವಸೆ ತೀರ್ಪುಗಳ ಒಳಗೆ ಅಡಗಿದೆ. ತೀರ್ಪು ಓದಲು ವಕೀಲರು ಬೇಕು, ವಕೀಲರಿಗೆ ದುಡ್ಡು ಬೇಕು. ‘ಹೌದು’ ಎಂದು ಬರೆದವನಿಗೆ ಏನೇನು ನೋಡಿ ತೀರ್ಮಾನಿಸುತ್ತೇವೆ ಎಂದು ಫಾರಮ್ಮಿನಲ್ಲೇ ನಾಲ್ಕು ಸಾಲು ಅಚ್ಚು ಹಾಕಿದರೆ, ‘ಇಲ್ಲ’ ಎಂದು ಸುಳ್ಳು ಬರೆಯುವವರು ಕಡಿಮೆಯಾಗುತ್ತಾರೆ ಎಂದು ನನ್ನ ನಂಬಿಕೆ. ಹೆದರಿಕೆಯೊಂದನ್ನೇ ತೋರಿಸಿ ಸತ್ಯ ಹೇಳಿಸುವುದು ಕಷ್ಟದ ಕೆಲಸ.

ಹಾಗಾದರೆ ಏನು ಮಾಡಬೇಕು?

ಮೊದಲು ನಿಮ್ಮ ಕೇಸಿನ ಕಾಗದ ಸಂಗ್ರಹಿಸಿ: ಎಫ್.ಐ.ಆರ್. ನಂಬರು, ಠಾಣೆ, ಕಲಂ, ಕೋರ್ಟು, ತೀರ್ಪಿನ ದಿನಾಂಕ. ಕೋರ್ಟಿನಿಂದ ತೀರ್ಪಿನ ದೃಢೀಕೃತ ನಕಲು ತೆಗೆಸಿಕೊಳ್ಳಿ. ಬಾಯಿಮಾತಿನ ‘ಕೇಸು ಹೋಯ್ತು’ ಎಂಬುದನ್ನು ನಂಬಬೇಡಿ. ಎರಡನೆಯದು, ಅರ್ಜಿಯಲ್ಲಿ ಬರೆದದ್ದೂ ಅಟೆಸ್ಟೇಶನ್ ಫಾರಮ್ಮಿನಲ್ಲಿ ಬರೆದದ್ದೂ ಒಂದೇ ಇರಲಿ. ಮೂರನೆಯದು, ‘ಹೌದು’ ಎಂದು ಬರೆದು ಅಲ್ಲಿಗೇ ಬಿಡಬೇಡಿ; ಬೇರೆ ಹಾಳೆಯಲ್ಲಿ ಏನಾಯಿತು, ಆಗ ವಯಸ್ಸೆಷ್ಟು, ಏನು ಶಿಕ್ಷೆ, ಆಮೇಲೆ ಏನು ಬದಲಾಯಿತು ಎಂದು ಸಣ್ಣದಾಗಿ ಬರೆದು ಕಾಗದ ಲಗತ್ತಿಸಿ. ಅಳುವುದೂ ಬೇಡ, ಜಂಬವೂ ಬೇಡ. ನಾಲ್ಕನೆಯದು, ಫಾರಂ ಕೊಟ್ಟ ಮೇಲೆ ಏನಾದರೂ ಕೇಸಾದರೆ ತಕ್ಷಣ ತಿಳಿಸಿ. ತಿಳಿಸದಿದ್ದರೆ ಅದೂ ಮುಚ್ಚಿಟ್ಟ ಹಾಗೆಯೇ ಎಂದು ಫಾರಂ ಹೇಳುತ್ತದೆ. ಐದನೆಯದು, ಸತ್ಯ ಬರೆದೂ ತಿರಸ್ಕಾರವಾದರೆ ಬದುಕು ಮುಗಿಯಲಿಲ್ಲ. ಕಾರಣ ಕೇಳಬಹುದು, ಕೇಂದ್ರದ ಹುದ್ದೆಯಾದರೆ ಆಡಳಿತ ನ್ಯಾಯಮಂಡಳಿಗೆ ಹೋಗಬಹುದು, ಅಷ್ಟು ಸೂಕ್ಷ್ಮವಲ್ಲದ ಹುದ್ದೆಗೂ ಬರೆಯಬಹುದು.

ನಮ್ಮ ಲೆಕ್ಕಶಾಸ್ತ್ರದಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಕಂಪನಿಯ ಮೇಲೆ ದಾವೆ ಬಾಕಿ ಇದ್ದರೆ ಅಢಾವೆ ಪತ್ರಿಕೆಯ ಕೆಳಗೆ ಟಿಪ್ಪಣಿಯಲ್ಲಿ ಹೇಳಬೇಕು. ಹೇಳಿದ ಮಾತ್ರಕ್ಕೆ ಕಂಪನಿ ಮುಳುಗುವುದಿಲ್ಲ; ಓದುವವನು ಆಸ್ತಿಯನ್ನೂ ನೋಡಿ, ಟಿಪ್ಪಣಿಯನ್ನೂ ನೋಡಿ ತನ್ನ ತೀರ್ಮಾನ ಮಾಡಿಕೊಳ್ಳುತ್ತಾನೆ. ಟಿಪ್ಪಣಿ ಮುಚ್ಚಿಟ್ಟದ್ದು ಲೆಕ್ಕ ಪರಿಶೋಧಕನ ಕಣ್ಣಿಗೆ ಬಿದ್ದರೆ ಮಾತ್ರ, ಮಿಕ್ಕ ಅಂಕಿಗಳನ್ನೂ ಯಾರೂ ನಂಬುವುದಿಲ್ಲ. ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ತಪ್ಪು ಮಾಡಿದವನಿಗೆ ಹೇಳುತ್ತೇವೆ. ಅದನ್ನು ಸುಳ್ಳು ಬರೆಯಲು ಪೆನ್ನು ಎತ್ತಿದವನಿಗೆ ಹೇಳಬೇಕು. ತಪ್ಪು ಮಾಡಿ ತಿದ್ದಿಕೊಂಡವನಿಗೆ ಹೇಳಬೇಕಾದದ್ದು, ‘ಕೂತ್ಕೋ ಮಾರಾಯ, ಕಾಗದ ತೆಗಿ, ಕೂಡಿ ಬರೆಯೋಣ’ ಎಂದು.

ಇನ್ನು ಯಾವ ಕೇಸೂ ಇಲ್ಲದ ಗೆಳೆಯರಿಗೆ ಒಂದೇ ಮಾತು. ಈ ಫಾರಂ ನಮ್ಮ ಕೈಗೆ ಬರುವುದು ಪಾಸಾದ ಮೇಲೆ. ಆದರೆ ಅದರ ಉತ್ತರಗಳನ್ನು ನಾವು ಬರೆಯುತ್ತಿರುವುದು ಈಗ, ಈ ಹಾಸ್ಟೆಲುಗಳಲ್ಲಿ, ಪರೀಕ್ಷಾ ಹಾಲಿನಲ್ಲಿ, ರಾತ್ರಿ ಬೈಕಿನ ಮೇಲೆ. ಇದನ್ನು ನಿಮ್ಮ ತಮ್ಮಂದಿರಿಗೂ ಓದಿ ಹೇಳಿ.